ಬಗ್ಗಿಸಿದ ಪೈಪಿನ ಟೇಬಲ್ ಬೆಳಗಾವಿಯಲ್ಲೇ ಮಾಡಿಸಬಹುದಾ?

ಪ್ರಶ್ನೆ: ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಬಗ್ಗಿಸಿದ ಸ್ಟೀಲ್ ಪೈಪಿನ ಹಳೇ ಜರ್ಮನ್ ಮಾದರಿಯ ಟೇಬಲ್ ತುಂಬಾ ಇಷ್ಟವಾಗಿದೆ. ಅಲ್ಲಿಂದ ತರಿಸುವಷ್ಟು ದುಡ್ಡಿಲ್ಲ. ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಮಾಡಿಸಿದರೆ ಗಟ್ಟಿ ಬರುತ್ತದಾ? ಟೈಪ್ ಮಾಡುವಾಗ ಅಲ್ಲಾಡುವುದಿಲ್ವಾ?
– ಟಿಳಕವಾಡಿಯ ಓದುಗರು

ಗಟ್ಟಿ ಬರುತ್ತದೆ. ಆದರೆ ಮೂಲೆ ಕತ್ತರಿಸಿ ವೆಲ್ಡಿಂಗ್ ಹೊಡೆದು ಕೊಟ್ಟರೆ ಅದು ಸುಮ್ನೆ ಇನ್ನೊಂದು ಕಬ್ಬಿಣದ ಟೇಬಲ್ ಆಗುತ್ತದೆ.

ನೀವು ನೋಡಿರುವುದು ಬಹುಶಃ ಮಾರ್ಸೆಲ್ ಬ್ರಾಯರ್ 1935ರಲ್ಲಿ ರೂಪಿಸಿದ ಎಸ್ 285 ಎಂಬ ಟೇಬಲ್. ಜರ್ಮನಿಯ ಥೋನೆಟ್ ಕಂಪನಿಯದು. ಬ್ರಾಯರ್ ಹಂಗೇರಿಯವರು, ಬೌಹೌಸ್ ಎಂಬ ಜರ್ಮನಿಯ ವಿನ್ಯಾಸ ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದವರು. 1925ರ ಹೊತ್ತಿಗೆ ಸೈಕಲ್ಲಿನ ಹ್ಯಾಂಡಲ್ ನೋಡಿ ಅವರಿಗೆ ಪೈಪಿನ ಕುರ್ಚಿ ಹೊಳೆಯಿತು ಎನ್ನುತ್ತಾರೆ. ಥೋನೆಟ್‌ನವರಂತೂ 19ನೇ ಶತಮಾನದಲ್ಲೇ ಮರವನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿ ಕುರ್ಚಿ ಮಾಡುತ್ತಿದ್ದರು. ಮರದ ಜೊತೆಗೆ ಪೈಪೂ ಬಂತು, ಅಷ್ಟೇ.

ಪೈಪೇ ಯಾಕೆ? 25 ಎಂಎಂ ದಪ್ಪದ ಗಟ್ಟಿ ಸರಳು ಮೀಟರಿಗೆ ಸುಮಾರು 3.8 ಕೆಜಿ ತೂಗುತ್ತದೆ. ಅಷ್ಟೇ ದಪ್ಪದ 1.6 ಎಂಎಂ ಗೋಡೆಯ ಪೈಪು ಒಂದು ಕೆಜಿಯೂ ಇಲ್ಲ. ಆದರೂ ಬಾಗದೆ ನಿಲ್ಲುವ ಶಕ್ತಿ ಸರಳಿನ ಶೇ. 40ಕ್ಕಿಂತ ಜಾಸ್ತಿ. ಪೈಪು 32 ಎಂಎಂ ತೆಗೆದುಕೊಂಡರೆ ತೂಕ ಶೇ. 30ರಷ್ಟು ಹೆಚ್ಚುತ್ತದೆ, ಬಾಗದೆ ನಿಲ್ಲುವ ಶಕ್ತಿ ಎರಡು ಪಟ್ಟು ದಾಟುತ್ತದೆ. ನನ್ನ ಮಾತು ಕೇಳುವುದಾದರೆ 32 ಎಂಎಂ, 16 ಗೇಜ್ (ಅಂದರೆ ಸುಮಾರು 1.6 ಎಂಎಂ ಗೋಡೆ) ಕೇಳಿ. ಅಂಗಡಿಯವರು 18 ಗೇಜ್ ಸಾಕು ಎನ್ನಬಹುದು. ನಂಬರ್ ದೊಡ್ಡದಾದರೆ ತಗಡು ತೆಳು, ಮರೆಯಬೇಡಿ.

ಈಗ ಬಗ್ಗಿಸುವ ಕೆಲಸ. ಅಸಲಿ ಕೌಶಲ್ಯ ಇರುವುದು ಇಲ್ಲೇ. ಪೈಪು ಬಗ್ಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ತಿರುವು ತೀರಾ ಚಿಕ್ಕದಾದರೆ ಒಳಗಡೆ ಸುಕ್ಕು ಬೀಳುತ್ತದೆ, ಪೈಪು ಚಪ್ಪಟೆಯಾಗುತ್ತದೆ. ತಿರುವಿನ ತ್ರಿಜ್ಯ ಪೈಪಿನ ದಪ್ಪದ ಮೂರು ಪಟ್ಟಾದರೂ ಇರಲಿ, ಅಂದರೆ ಸುಮಾರು 100 ಎಂಎಂ. ನೀರಿನ ಪೈಪು ಬಗ್ಗಿಸುವ ಹೈಡ್ರಾಲಿಕ್ ಜ್ಯಾಕಿನಲ್ಲಿ ಇಂಥ ತೆಳು ಪೈಪು ಹಾಕಿದರೆ ಕೆಡುವುದೇ ಹೆಚ್ಚು. ಒಳಗೆ ಮ್ಯಾಂಡ್ರೆಲ್ (ಪೈಪು ಚಪ್ಪಟೆಯಾಗದಂತೆ ಒಳಗಿಂದ ತಡೆಯುವ ಸರಳು) ಇಟ್ಟು ಬಗ್ಗಿಸುವ ಮಷೀನ್ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಪೈಪಿಗೆ ಒಣ ಮರಳು ಗಿಡಿದು ತುಂಬಿ ಬಗ್ಗಿಸಬೇಕು. ಮೊದಲು ಒಂದು ತುಂಡು ಬಗ್ಗಿಸಿ ತೋರಿಸಲು ಹೇಳಿ. ಕೈಯಾಡಿಸಿದರೆ ಸುಕ್ಕು ಸಿಗುತ್ತದೆ.

ಅಲ್ಲಾಡುವ ವಿಷಯಕ್ಕೆ ಬರೋಣ. ಟೇಬಲ್ ಕೆಳಕ್ಕೆ ಕುಸಿಯುವುದು ಅಪರೂಪ, ಅಡ್ಡಕ್ಕೆ ವಾಲುವುದೇ ತೊಂದರೆ. ಬೆಂಕಿಪೊಟ್ಟಣದ ಒಳಡಬ್ಬಿ ತೆಗೆದು ಹೊರಗವಚ ಒತ್ತಿ ನೋಡಿ, ಓರೆಯಾಗುತ್ತದೆ. ಡಬ್ಬಿ ಸೇರಿಸಿದರೆ ಜಗ್ಗಲ್ಲ. ಪೈಪುಗಳ ನಡುವೆ ಕೂರಿಸುವ ಮರದ ಡ್ರಾಯರ್ ಪೆಟ್ಟಿಗೆಯೂ ಆ ಕೆಲಸ ಮಾಡಬಲ್ಲದು. ಅದನ್ನು ಮೇಲೆ ಕೆಳಗೆ ಎರಡೂ ಕಡೆ ಬೋಲ್ಟ್ ಹಾಕಿ ಬಿಗಿಸಬೇಕು. ಡ್ರಾಯರ್ ಬೇಡ ಎಂದರೆ ಹಿಂದೆ ಒಂದು ಅಡ್ಡ ಪೈಪು ಬೇಕೇ ಬೇಕು.

ಮೇಲ್ಹಲಗೆ 19 ಎಂಎಂ ಪ್ಲೈವುಡ್ ಸಾಕು. ಲ್ಯಾಮಿನೇಟ್ ಅಡಿಗೂ ಹಾಕಿಸಿ, ಒಂದೇ ಕಡೆ ಅಂಟಿಸಿದರೆ ಹಲಗೆ ಸೊಟ್ಟಗಾಗುತ್ತದೆ. ಎತ್ತರ 73ರಿಂದ 75 ಸೆಂ.ಮೀ.

ಫೋಟೋದಲ್ಲಿ ಕ್ರೋಮ್ ಮಿಂಚುತ್ತದೆ, ನಿಜ. ಆದರೆ ಕ್ರೋಮಿನ ಅಡಿಯ ನಿಕಲ್ ಪದರ ತೆಳುವಾದರೆ ಸೂಜಿಮೊನೆಯಂಥ ತೂತಿನಿಂದ ತುಕ್ಕು ಏಳುತ್ತದೆ. ವಿಜಯಪುರದ ಒಣ ಹವೆಯಲ್ಲಿ ಅದು ಹೇಗೋ ತಾಳೀತು. ಬೆಳಗಾವಿಯ ಮಳೆಗಾಲಕ್ಕೆ ನಾನಂತೂ ಪೌಡರ್ ಕೋಟಿಂಗ್ ಹೇಳುತ್ತೇನೆ. ಎಣ್ಣೆ, ತುಕ್ಕು ಪೂರ್ತಿ ತೆಗೆದು ಪುಡಿ ಹಾಕಿ, ಸುಮಾರು 180ರಿಂದ 200 ಡಿಗ್ರಿ ಒವನ್‌ನಲ್ಲಿ ಬೇಯಿಸುತ್ತಾರೆ. ಕಪ್ಪು ಬಣ್ಣ ಈ ಮಾದರಿಗೆ ಚೆನ್ನಾಗಿ ಒಪ್ಪುತ್ತದೆ.

ನೆಲಕ್ಕೆ ತಾಗುವ ಪೈಪಿನಡಿ ರಬ್ಬರ್ ಬುಶ್ ಹಾಕಿಸಿ. ನೆಲ ಒರೆಸಿದ ನೀರು ಅಲ್ಲೇ ನಿಲ್ಲುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಬುಶ್‌ಗೆ, ಬೋಲ್ಟಿಗೆ ಬೇಕಾದ ತೂತುಗಳನ್ನೆಲ್ಲ ಕೋಟಿಂಗ್‌ಗೆ ಕಳಿಸುವ ಮೊದಲೇ ಹೊಡೆಸಿಬಿಡಿ.