ಮೀಟಿಂಗ್ ಕರೆಯುವವರ ಬಸ್ ಚಾರ್ಜು ಯಾರ ಲೆಕ್ಕದಲ್ಲಿ?

"ಅಣ್ಣ, ಊರಲ್ಲಿ ಜನರನ್ನು ಸೇರಿಸಿ ಏನಾದ್ರೂ ಮಾಡ್ಬೇಕು ಅಂತಿದ್ದೇನೆ. ತರಬೇತಿ ಎಲ್ಲಿ ಸಿಗ್ತದೆ? ಖರ್ಚಿಗೆ ದುಡ್ಡು ಎಲ್ಲಿಂದ ಬರ್ತದೆ?" ಈ ಪ್ರಶ್ನೆ ನನಗೆ ಈಚೆಗೆ ಜಾಸ್ತಿ ಬರುತ್ತಿದೆ. ಕೇಳುವವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಜೊಯಿಡಾ, ಸಿದ್ದಾಪುರ ಕಡೆಯ ಇಪ್ಪತ್ತೈದು ಮೂವತ್ತು ವರ್ಷದವರು. ಅವರು ಆಗಲೇ ಯಾರನ್ನೋ ವಿಚಾರಿಸಿರುತ್ತಾರೆ. ಒಬ್ಬರು ಟ್ರಸ್ಟ್ ಮಾಡಿ ಎಂದಿರುತ್ತಾರೆ. ಇನ್ನೊಬ್ಬರು ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇಲ್ಲದೆ ಏನೂ ಆಗುವುದಿಲ್ಲ ಎಂದಿರುತ್ತಾರೆ. ಮತ್ತೊಬ್ಬರು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಕ್ಕೆ ಹೋಗು, ಕಂಪನಿಗಳು ಸಮಾಜಕ್ಕೆಂದು ಕೊಡುವ ಸಿಎಸ್‌ಆರ್ ದುಡ್ಡು ಕೇಳು, ವಿದೇಶಿ ದುಡ್ಡಿನ ತಂಟೆ ಬೇಡ ಎಂದಿರುತ್ತಾರೆ. ಎಲ್ಲವೂ ಅರ್ಧರ್ಧ ನಿಜ. ಇಷ್ಟೊಂದು ಬಾಗಿಲು ಹೇಗೆ ಹುಟ್ಟಿದವು, ಅವುಗಳಲ್ಲಿ ಎಷ್ಟು ಈಗಲೂ ತೆರೆದಿವೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜನರನ್ನು ಸೇರಿಸುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ, ಅಂದರೆ ಕೇರಿಗಳಲ್ಲಿ, ಊರಗೌಡ, ಬುದವಂತ, ಕೋಲಕಾರ ಎಂಬ ಮೂರು ಹೊಣೆಗಳು ತಲೆಮಾರುಗಳಿಂದ ಇವೆ. ಕೂಟ ಸೇರುವ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವವನು ಕೋಲಕಾರ. ಇವತ್ತಿನ ಮಾತಿನಲ್ಲಿ ಅವನೇ ಸಂಘಟಕ ಅಲ್ವಾ? ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದವರು. ಅವರು ಯಾವ ಕಾರ್ಯಾಗಾರದಲ್ಲೂ ಸಂಘಟನೆ ಕಲಿತವರಲ್ಲ. ಹಾಡು ಗೊತ್ತಿತ್ತು, ಕೇರಿಯ ಪ್ರತಿ ಮನೆಯ ಕಷ್ಟ ಗೊತ್ತಿತ್ತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

1930ರ ಹೊತ್ತಿಗೆ ಅಂಕೋಲಾದ ಉಪ್ಪಿನ ಸತ್ಯಾಗ್ರಹ, ಆಮೇಲೆ ಅಂಕೋಲಾ-ಸಿದ್ದಾಪುರದ ಕರನಿರಾಕರಣೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ, ಅದರ ಜೊತೆ ಗ್ರಾಮಸೇವಕರು. ಮರುವರ್ಷ ಕೇಂದ್ರ ಸಮಾಜ ಕಲ್ಯಾಣ ಮಂಡಳಿ, ಮಹಿಳಾ ಮಂಡಳಗಳಿಗೆ ಸಣ್ಣ ಅನುದಾನ. ಐವತ್ತು ವರ್ಷ ಹೀಗೆ ಕಳೆಯಿತು. ಇಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. ಮೊದಲು ಊರವರೇ ಅಕ್ಕಿ-ಬೇಳೆ ಕೊಟ್ಟು ಕಾರ್ಯಕರ್ತರನ್ನು ಸಾಕುತ್ತಿದ್ದರು. ಆಮೇಲೆ ಸಂಬಳದ ನೌಕರ ಊರಿಗೆ ಬಂದು ಜನರನ್ನು ಸೇರಿಸಲು ಶುರುಮಾಡಿದ. ಅವನು ಒಳ್ಳೆಯವನೇ ಇರಬಹುದು. ಆದರೆ ಅವನ ವರ್ಗಾವಣೆ ಆದ ದಿನ ಸಂಘವೂ ನಿಲ್ಲುತ್ತಿತ್ತು.

ಊರ ದುಡ್ಡಿನಲ್ಲಿ ಊರ ಸಂಘಟನೆ ನಡೆದ ಕೊನೆಯ ದೊಡ್ಡ ಉದಾಹರಣೆ ಎಂದು ನಾನು ನೆನೆಯುವುದು ಬೇಡ್ತಿ ಹೋರಾಟವನ್ನು. ಎಪ್ಪತ್ತರ ದಶಕದ ಕೊನೆಗೆ ಬೇಡ್ತಿ ಜಲವಿದ್ಯುತ್ ಯೋಜನೆಯಿಂದ ತೋಟ, ಕಾಡು ಮುಳುಗುವ ಭಯ ಹುಟ್ಟಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ದೊಡ್ಡ ವಿಚಾರ ಸಂಕಿರಣ ಆಯಿತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಬಂದರು. ಅದರ ಹಿಂದೆ ನಿಂತದ್ದು ಅಡಿಕೆ ಬೆಳೆಗಾರರ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ನಮ್ಮ ಟಿಎಸ್‌ಎಸ್. ಅಡಿಕೆ ಮಾರಾಟಕ್ಕೆಂದು 1923ರಲ್ಲಿ ಹುಟ್ಟಿದ ಸಂಘ ಒಂದು ಅಣೆಕಟ್ಟಿನ ಲಾಭ-ನಷ್ಟ ಲೆಕ್ಕ ಹಾಕಿಸಿತು. ಯೋಜನೆ ನಿಂತಿತು. ಎರಡು ವರ್ಷದ ನಂತರ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿ ಊರಿನವರು ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಶುರುವಾದದ್ದು ಊರಿನ ಯುವಕ ಮಂಡಳಿಯಿಂದ. ಪಾಂಡುರಂಗ ಹೆಗಡೆಯವರು ಊರೂರು ತಿರುಗಿ ಅದನ್ನು ಹರಡಿದರು. 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತು ಪ್ರಾಥಮಿಕ ಶಾಲೆ ಮಕ್ಕಳ ಬಾಯಲ್ಲೂ ಇತ್ತು. ಹೊನ್ನಾವರದ ಕಾಸರಕೋಡಿನಲ್ಲಿ ಡಾ. ಕುಸುಮಾ ಸೊರಬ ಅವರ ಸ್ನೇಹಕುಂಜ ಆಸ್ಪತ್ರೆಯ ಕೆಲಸದ ಜೊತೆಗೇ ಹಳ್ಳಿಯ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿತ್ತು.

ತೊಂಬತ್ತರ ದಶಕದಲ್ಲಿ ದುಡ್ಡು ಬಂತು. ಈ ಕಾಲ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದರೊಳಗೆ ನಾನೂ ಓಡಾಡಿದ್ದೇನೆ.

ಬ್ರಿಟನ್ ಸರ್ಕಾರದ ನೆರವಿನಿಂದ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಆ ದಶಕದ ಶುರುವಿನಲ್ಲಿ ನಮ್ಮ ಜಿಲ್ಲೆಯಲ್ಲೇ ಆರಂಭವಾಯಿತು. 1993ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಜನ ಮತ್ತು ಇಲಾಖೆ ಸೇರಿ ಕಾಡು ಬೆಳೆಸಬೇಕು, ಅದಕ್ಕೆ ಊರಿಗೊಂದು ಗ್ರಾಮ ಅರಣ್ಯ ಸಮಿತಿ ಇರಬೇಕು ಎಂದಾಯಿತು. ಸಮಿತಿ ಕಟ್ಟುವುದು ಯಾರು? ಇಲಾಖೆಯವರಿಗೆ ಸಸಿ ನೆಡುವುದು ಗೊತ್ತಿತ್ತು, ಸಭೆ ನಡೆಸುವುದು ರೂಢಿಯಿರಲಿಲ್ಲ. ಹಾಗಾಗಿ ಸ್ವಯಂಸೇವಾ ಸಂಸ್ಥೆಗಳು ಬಂದವು. ನಮ್ಮಂಥ ಹುಡುಗರಿಗೆ ಕೆಲಸ ಸಿಕ್ಕಿತು. ಜೊತೆಗೆ ತರಬೇತಿಯೂ ಸಿಕ್ಕಿತು.

ಆ ತರಬೇತಿಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸುತ್ತಿದ್ದೆವು. ಹೊಳೆಗೆ ಒಂದು ಬಣ್ಣ, ದಾರಿಗೆ ಒಂದು ಬಣ್ಣ. ಮೊದಲು ಗಂಡಸರು ಬರೆಯುತ್ತಿದ್ದರು. ಅವರ ನಕ್ಷೆಯಲ್ಲಿ ರಸ್ತೆ, ತೋಟ, ಸೊಪ್ಪಿನ ಬೆಟ್ಟ, ದೇವಸ್ಥಾನ ಇರುತ್ತಿದ್ದವು. ಆಮೇಲೆ ಹೆಂಗಸರ ಕೈಗೆ ಪುಡಿ ಕೊಟ್ಟರೆ ಬೇರೆಯೇ ಊರು ಮೂಡುತ್ತಿತ್ತು. ಸೌದೆ ತರುವ ಕಾಲುದಾರಿ, ಬೇಸಿಗೆಯಲ್ಲೂ ಬತ್ತದ ಒರತೆ, ಉಪ್ಪಾಗೆ ಮತ್ತು ಮುರುಗಲು ಮರ ಎಲ್ಲೆಲ್ಲಿ ಇವೆ ಎಂಬುದು. ಒಮ್ಮೆ ಒಬ್ಬ ಅಜ್ಜಿ ನಕ್ಷೆಯ ಮೇಲೆ ಬೆರಳಿಟ್ಟು, ಇಲ್ಲಿ ನೀವು ಅಕೇಶಿಯಾ ನೆಟ್ಟರೆ ನಮ್ಮ ದನ ಎಲ್ಲಿ ಹೋಗಬೇಕು ಎಂದು ಕೇಳಿದಳು. ಸಭೆ ಪೂರ್ತಿ ಸುಮ್ಮನಾಯಿತು. ಕಾಗದದ ಮೇಲಿನ ಯೋಜನೆ ಬದಲಾದದ್ದು ಆ ಒಂದು ಮಾತಿನಿಂದ. ಮಾತಾಡದವರ ಬಾಯಿಂದ ಮಾತು ಹೊರಡಿಸುವುದೇ ಸಂಘಟನೆ ಎಂದು ನನಗೆ ಅರ್ಥವಾದದ್ದು ಅವತ್ತು.

ಆದರೆ ಆ ವ್ಯವಸ್ಥೆಯಲ್ಲಿ ಎರಡು ಗಂಟು ಇದ್ದವು. ಒಂದು, ಆ ಆದೇಶದ ಪ್ರಕಾರ ಜನರ ಪಾಲಿಗೆ ಬಂದದ್ದು ಹೆಚ್ಚಾಗಿ ಬೋಳಾದ ಕಾಡು. ಹಸಿರು ಹೊದಿಕೆ ಕಾಲು ಭಾಗಕ್ಕಿಂತ ಕಮ್ಮಿ ಇರುವ ಜಾಗ ಮಾತ್ರ. ಕಾಡು ದಟ್ಟವಾಗಿ ಉಳಿಸಿಕೊಂಡ ಊರಿಗೆ ಅದರಲ್ಲಿ ಹೇಳಿಕೊಳ್ಳುವಂಥ ಪಾಲು ಇರಲಿಲ್ಲ. ಎರಡು, ಸಮಿತಿಯ ಕಾರ್ಯದರ್ಶಿ ಫಾರೆಸ್ಟರ್ ಆಗಿದ್ದರು. ಅಧ್ಯಕ್ಷರ ಜೊತೆ ಅವರ ಸಹಿ ಇಲ್ಲದೆ ಖಾತೆಯಿಂದ ದುಡ್ಡು ಏಳುತ್ತಿರಲಿಲ್ಲ. ಸಂಘಟಕ ಸಭೆ ಕರೆಯಬಹುದಿತ್ತು. ಆದರೆ ಸಭೆಯ ತೀರ್ಮಾನ ನಡೆಸುವ ಕೀಲಿ ಅವನ ಕೈಲಿ ಇರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಯೋಜನೆಯೂ ಮುಗಿಯಿತು. ನಾನಿದ್ದ ಸಂಸ್ಥೆ ನಮ್ಮನ್ನೆಲ್ಲ ಕೂರಿಸಿ, ಮುಂದಿನ ತಿಂಗಳಿಂದ ಸಂಬಳ ಇಲ್ಲ ಎಂದಿತು. ನನ್ನ ಸುಪರ್ದಿಯಲ್ಲಿದ್ದ ಸಮಿತಿಗಳಿಗೆ ನಾನು ಇನ್ನೂ ಐದಾರು ತಿಂಗಳು ಹೋಗುತ್ತಿದ್ದೆ. ಕೊನೆಗೆ ಬಸ್ ಚಾರ್ಜಿಗೂ ಮನೆಯಲ್ಲಿ ಕೈಚಾಚಬೇಕಾಯಿತು. ನಿಲ್ಲಿಸಿದೆ. ಆ ಬೇಸರ ಇನ್ನೂ ಇದೆ. ಸಸಿಗೆ, ಕಂದಕಕ್ಕೆ, ವರದಿಗೆ ಲೆಕ್ಕದಲ್ಲಿ ಜಾಗ ಇತ್ತು. ಊರಿಗೆ ವಾರಕ್ಕೊಮ್ಮೆ ಹೋಗಿ ಜಗಲಿಯ ಮೇಲೆ ಕೂತು ಮಾತಾಡುವ ಕೆಲಸಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

ಮುಂದೆ ಸ್ವಸಹಾಯ ಸಂಘಗಳ ಕಾಲ. ನಬಾರ್ಡ್ 1992ರಲ್ಲೇ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತ್ತು. ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ಸಂಘ ಕಟ್ಟುವ ಭಾರ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಬಿತ್ತು. ಮಕ್ಕಳ ತೂಕ, ಬಾಣಂತಿಯರ ಪಟ್ಟಿಯ ಜೊತೆಗೆ ಸಂಘದ ಪುಸ್ತಕವೂ ಅವಳದೇ. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್ ಬಂತು. ನಮ್ಮಲ್ಲಿ ಅದರ ಹೆಸರು ಸಂಜೀವಿನಿ. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪುಸ್ತಕ ಎಂಬ ಪಂಚಸೂತ್ರ ಕಲಿಸಿದರು. ಪಂಚಾಯತಿಗೊಂದು ಒಕ್ಕೂಟ ಆಯಿತು. ಪುಸ್ತಕ ಬರೆಯುವ ಎಂಬಿಕೆ, ಊರಿನ ಸಂಪನ್ಮೂಲ ವ್ಯಕ್ತಿ ಎಲ್‌ಸಿಆರ್‌ಪಿ, ಕೃಷಿ ಸಖಿ, ಪಶು ಸಖಿ ಹೀಗೆ ಹುದ್ದೆಗಳು ಹುಟ್ಟಿದವು. ಊರಿನ ಹೆಣ್ಣುಮಗಳೊಬ್ಬಳಿಗೆ ಜನ ಸೇರಿಸುವುದಕ್ಕೆಂದೇ ತರಬೇತಿ, ಅದಕ್ಕೊಂದು ಗೌರವಧನ ಸಿಕ್ಕಿತು. ಇದನ್ನು ನಾನು ದೊಡ್ಡದು ಎಂದೇ ಭಾವಿಸುತ್ತೇನೆ. ಆದರೂ ಗೌರವಧನ ಸಣ್ಣದು, ತಡವಾಗಿ ಬರುವುದೂ ಉಂಟು. ತರಬೇತಿಯ ತೂಕ ಸಾಲ, ಮರುಪಾವತಿ, ವ್ಯಾಪಾರದ ಕಡೆಗೆ ವಾಲಿದೆ. ಮರುಪಾವತಿ ಚೆನ್ನಾಗಿರುವ ಸಂಘವೂ ಊರಿನ ನೀರಿನ ಪ್ರಶ್ನೆ ಬಂದಾಗ ಮೌನವಾಗಿ ಕೂರುವುದನ್ನು ನೋಡಿದ್ದೇನೆ.

ಅದೇ ಹೊತ್ತಿಗೆ ಅರಣ್ಯ ಹಕ್ಕು ಕಾಯ್ದೆ ಬಂತು. 2006ರ ಕಾಯ್ದೆ, 2008ರಿಂದ ನಮ್ಮ ಕೇರಿಗಳಲ್ಲಿ ಅರ್ಜಿ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಿಡಿದರೆ 1930ಕ್ಕೆ ಹೋಗುತ್ತದೆ. ಕರನಿರಾಕರಣೆಯಲ್ಲಿ ಜನ ಜಮೀನು ಕಳೆದುಕೊಂಡ ಅದೇ ವರ್ಷಗಳು! ಹಾಲಕ್ಕಿಗಳು, ಕುಣಬಿಗಳು, ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಸಿದ್ದಿಗಳು ಸೇರಿದ್ದು 2003ರಲ್ಲಿ. ಹಾಗಾಗಿ ಇಲ್ಲಿನ ಬಹಳ ಅರ್ಜಿಗಳು ಸಾಕ್ಷಿಯ ಕೊರತೆಯಲ್ಲಿ ಸಿಕ್ಕಿಬಿದ್ದವು. ಹಕ್ಕು ಸಮಿತಿಗೆ ಸಿಕ್ಕ ತರಬೇತಿ ಹೆಚ್ಚಾಗಿ ನಮೂನೆ ತುಂಬುವುದರ ಬಗ್ಗೆ. ಮುದುಕರ ಹೇಳಿಕೆಯನ್ನು ಬರೆದುಕೊಳ್ಳುವುದು, ಸ್ಥಳ ಪರಿಶೀಲನೆಯ ದಿನ ಊರವರನ್ನೆಲ್ಲ ನಿಲ್ಲಿಸುವುದು, ತಿರಸ್ಕಾರದ ಪತ್ರಕ್ಕೆ ಮೇಲ್ಮನವಿ ಹಾಕುವುದು, ಈ ಕೆಲಸ ಯಾರದು? ಊರಲ್ಲಿ ಸ್ವಲ್ಪ ಓದು ಬಲ್ಲ, ಸ್ವಲ್ಪ ಧೈರ್ಯ ಇರುವ ಒಬ್ಬರದ್ದು. ಶಿರಸಿಯಿಂದ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬರಲು ಒಂದು ದಿನ, ಒಂದು ದಿನದ ಕೂಲಿ.

ಈಗ ದುಡ್ಡಿನ ನಿಯಮಗಳ ವಿಷಯ. ಸುಮ್ನೆ ಹೆದರುವುದು ಬೇಡ, ಆದರೆ ತಿಳಿದಿರಬೇಕು.

ವಿದೇಶಿ ದೇಣಿಗೆಯ ಕಾಯ್ದೆ ಮೊದಲು 1976ರಲ್ಲಿ, ಮತ್ತೆ 2010ರಲ್ಲಿ ಬಂತು. 2020ರ ತಿದ್ದುಪಡಿ ಸಣ್ಣ ಸಂಘಟನೆಗಳಿಗೆ ಬಲವಾಗಿ ತಾಗಿತು. ಅಲ್ಲಿಯವರೆಗೆ ದೊಡ್ಡ ಸಂಸ್ಥೆ ವಿದೇಶಿ ಹಣ ಪಡೆದು, ಅದರ ಒಂದು ಪಾಲನ್ನು ನೋಂದಣಿ ಇದ್ದ ಬೇರೆ ಸಂಸ್ಥೆಗೆ ಕೊಡಬಹುದಿತ್ತು. ಈಗ ಹಾಗೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಹೊಸದಾಗಿ ನೋಂದಣಿ ಬೇಕಾದರೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ₹15 ಲಕ್ಷ ಖರ್ಚು ತೋರಿಸಬೇಕು. ಗೌಳಿಗಳ ದಡ್ಡಿ, ಅಂದರೆ ಕೇರಿಯೊಂದರ ಯುವಕ ಸಂಘ ಇಷ್ಟು ಎಲ್ಲಿಂದ ತರಬೇಕು?

ಸಿಎಸ್‌ಆರ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ ₹500 ಕೋಟಿ, ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಲಾಭ ₹5 ಕೋಟಿ, ಇವುಗಳಲ್ಲಿ ಒಂದನ್ನು ದಾಟಿದ ಕಂಪನಿ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಂಪನಿ ಇರುವ ಜಾಗದ ಸುತ್ತಲಿನ ಊರುಗಳಿಗೆ ಆದ್ಯತೆ ಎಂದು ಕಾಯ್ದೆಯೇ ಹೇಳುತ್ತದೆ. ಅದು ಕರಾವಳಿಗೆ ಒಳ್ಳೆಯ ಸುದ್ದಿ. ಆದರೆ ಹಣ ಪಡೆಯುವ ಸಂಸ್ಥೆಗೆ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು, 2021ರಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. 12ಎ, 80ಜಿ ಒಮ್ಮೆ ಪಡೆದರೆ ಸಾಕು ಎನ್ನುವ ಕಾಲವೂ ಹೋಯಿತು, ಅವಧಿ ನೋಡಿ ನವೀಕರಿಸಬೇಕು. ಇಷ್ಟೆಲ್ಲ ಆದ ಮೇಲೂ ಬರುವ ದುಡ್ಡು ಶಾಲೆಯ ಕೋಣೆಗೆ, ಆಂಬ್ಯುಲೆನ್ಸಿಗೆ, ನೀರಿನ ಟ್ಯಾಂಕಿಗೆ ಸಲೀಸಾಗಿ ಹೋಗುತ್ತದೆ. ಅವೂ ಬೇಕು. ಮೀನುಗಾರರ ಕೇರಿಯಲ್ಲಿ ಬಂದರಿನ ಬಗ್ಗೆ ಸಭೆ ಕರೆಯುವವರಿಗೆ ಅದು ಸಿಗುವುದಿಲ್ಲ.

ಹಾಗಾದರೆ ಇವತ್ತು ಏನಿದೆ? ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಪಂಚಾಯತಿ ಸದಸ್ಯರಿಗೆ, ಗ್ರಾಮಸಭೆಯ ವಿಷಯಕ್ಕೆ ತರಬೇತಿ ಕೊಡುತ್ತದೆ. ಸದಸ್ಯರಾಗದಿದ್ದವರೂ ತಮ್ಮ ಪಿಡಿಒ ಹತ್ತಿರ ವಿಚಾರಿಸಬಹುದು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ಸ್ವಂತ ಉದ್ಯೋಗದ ತರಬೇತಿ ಉಚಿತ. ಹೊಟ್ಟೆಪಾಡಿಗೆ ಒಂದು ಕಸುಬು ಇದ್ದರೆ ಸಂಘಟಕನಿಗೆ ಬೆನ್ನು ಗಟ್ಟಿ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್, ಬೆಂಗಳೂರಿನ ಸಂವಾದದಂಥ ಸಂಸ್ಥೆಗಳು ಯುವಕರಿಗೆ ತರಬೇತಿ ನಡೆಸುತ್ತಾ ಬಂದಿವೆ. ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದು ಕಾನೂನಿದೆ. ಅದರಲ್ಲಿ ಸೇರಿಕೊಳ್ಳುವುದಕ್ಕೆ ಯಾವ ಟ್ರಸ್ಟೂ ಬೇಡ. ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು: ಮೊದಲ ಎರಡು ವರ್ಷ ನೋಂದಣಿಯ ಹಿಂದೆ ಬೀಳಬೇಡಿ. ಊರಿನ ಇದ್ದ ಸಂಘವೊಂದರ ಒಳಗಿಂದಲೇ ಕೆಲಸ ಶುರುಮಾಡಿ, ಸಭೆಯ ನಡಾವಳಿ ಬರೆದಿಡಿ. ಮುಂದೆ ಯಾರೇ ದಾಖಲೆ ಕೇಳಿದರೂ ಆ ಪುಸ್ತಕವೇ ಮೊದಲ ಸಾಕ್ಷಿ.

ಬೇಡ್ತಿ ಹೆಸರು ಈಗ ಮತ್ತೆ ಕೇಳಿಬರುತ್ತಿದೆ. ಈ ಸಲ ನದಿ ಜೋಡಣೆಯ ರೂಪದಲ್ಲಿ, ಬೇಡ್ತಿ-ವರದಾ ಎಂದು. ಮತ್ತೆ ಸಭೆಗಳು, ಮತ್ತೆ ಓಡಾಟ. ಅವತ್ತು ಬೆಳೆಗಾರರ ಸಂಘ ಕೊಟ್ಟ ಆಸರೆಯಂಥದ್ದು ಇವತ್ತಿನ ಹುಡುಗರಿಗೂ ಬೇಕು. ನಮ್ಮ ಜಿಲ್ಲೆಯಲ್ಲಿ ಸೊಸೈಟಿ ಇಲ್ಲದ ಹೋಬಳಿ ಹುಡುಕುವುದು ಕಷ್ಟ. ಲಾಭದಲ್ಲಿ ಒಂದಿಷ್ಟನ್ನು ಧರ್ಮಾರ್ಥಕ್ಕೆ ತೆಗೆದಿಡುವ ರೂಢಿಯೂ ಅವುಗಳಲ್ಲಿ ಇದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಕೊಟ್ಟ ಹಾಗೇ, ಊರಿನ ಒಬ್ಬ ಹುಡುಗಿಗೋ ಹುಡುಗನಿಗೋ ವರ್ಷಪೂರ್ತಿ ಬಸ್ ಚಾರ್ಜು, ಫೋನು, ಜೆರಾಕ್ಸ್ ಖರ್ಚು ಕೊಟ್ಟರೆ? ನನ್ನ ಲೆಕ್ಕದಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಇದ್ದರೆ ಐದಾರು ಕೇರಿ ಸುತ್ತಬಹುದು.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ನಾನು ಸದಸ್ಯನಾಗಿರುವ ಸೊಸೈಟಿಗೆ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಿ ಎಂದು ಪತ್ರ ಬರೆದಿದ್ದೇನೆ. ಸಹಿ ಹಾಕಿದವರು ಹನ್ನೊಂದು ಜನ. ಅವರಲ್ಲಿ ನಾಲ್ವರು ಹಳೇ ಗ್ರಾಮ ಅರಣ್ಯ ಸಮಿತಿಯವರು.