ಬಾಲದ ತುದಿಗೆ ಕಿತ್ತಳೆ ಬಣ್ಣ ಎಲ್ಲಿಂದ ಬಂತು?

1960ರ ದಶಕದಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಪಕ್ಕದ ಕೆನಡಾದಲ್ಲೂ ಹಕ್ಕಿ ನೋಡುವವರ ಕಣ್ಣಿಗೆ ಹೊಸದೊಂದು ಬಿತ್ತು. ಸೀಡರ್ ವ್ಯಾಕ್ಸ್‌ವಿಂಗ್ ಎಂಬ ವಲಸೆ ಹಕ್ಕಿಯ ಬಾಲದ ತುದಿಯಲ್ಲಿ ಅಚ್ಚ ಹಳದಿ ಪಟ್ಟಿ ಇರುತ್ತದೆ. ಆದರೆ ಕೆಲವು ಹಕ್ಕಿಗಳಲ್ಲಿ ಆ ಪಟ್ಟಿ ಕಿತ್ತಳೆ ಬಣ್ಣದ್ದಾಗಿತ್ತು. ಅದು ಬೇರೆ ಜಾತಿಯೇನೂ ಆಗಿರಲಿಲ್ಲ, ರೋಗವೂ ಇರಲಿಲ್ಲ. ಕಾರಣ ಇದ್ದದ್ದು ಮನೆಯಂಗಳದ ಪೊದೆಯಲ್ಲಿ.

ಜಪಾನಿನ ಕಡೆಯ ಮಾರೋ ಹನಿಸಕಲ್ ಎಂಬ ಪೊದೆಯನ್ನು ಅಂದಕ್ಕೆಂದು ಅಮೆರಿಕಕ್ಕೆ ತಂದಿದ್ದರು. ಅದು ಅಂಗಳ ದಾಟಿ ಬೇಲಿಗಳಿಗೂ ಕಾಡಂಚಿಗೂ ಹಬ್ಬಿತ್ತು. ಅದರ ಕೆಂಪು ಹಣ್ಣಿನಲ್ಲಿ ರೋಡೋಕ್ಸಾಂಥಿನ್ ಎಂಬ ಬಣ್ಣದ ಅಂಶವಿದೆ. ಬಾಲದ ಗರಿ ಬೆಳೆಯುತ್ತಿರುವಾಗ ಹಕ್ಕಿ ಈ ಹಣ್ಣು ತಿಂದರೆ ಆ ಬಣ್ಣ ರಕ್ತದ ಮೂಲಕ ಗರಿಗೆ ಸೇರುತ್ತದೆ. ಬೆಳೆದು ಮುಗಿದ ಗರಿಗೆ ಜೀವವಿಲ್ಲ. ಆಮೇಲೆ ಏನು ತಿಂದರೂ ಅದರ ಬಣ್ಣ ಬದಲಾಗದು. ಆ ಗರಿ ಉದುರಿ ಹೊಸದು ಬರುವ ತನಕ ಕಿತ್ತಳೆ ಪಟ್ಟಿ ಹಾಗೇ ಉಳಿಯುತ್ತದೆ.

ಫ್ಲಿಕರ್ ಎಂಬ ಮರಕುಟಿಗದಲ್ಲೂ ಇದೇ ನಡೆದಿದೆ. ಪೂರ್ವ ಅಮೆರಿಕದಲ್ಲಿ ಅದರ ರೆಕ್ಕೆಯ ಒಳಭಾಗ ಹಳದಿ. ಅಲ್ಲಲ್ಲಿ ಕೆಂಪು ಗರಿ ಕಂಡಾಗ, ಪಶ್ಚಿಮದ ಕೆಂಪು ರೆಕ್ಕೆಯ ಫ್ಲಿಕರ್ ಜೊತೆ ಬೆರಕೆಯಾಗಿದೆ ಎಂದೇ ಬಹುಕಾಲ ನಂಬಿದ್ದರು. ಗರಿಗಳನ್ನು ಪರೀಕ್ಷಿಸಿದಾಗ ಅಲ್ಲೂ ಸಿಕ್ಕಿದ್ದು ರೋಡೋಕ್ಸಾಂಥಿನ್!

ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಯಾವ ಗಿಡ ನೆಡಬೇಕು ಎಂಬುದು ನಮಗೆ ನೆರಳಿನ, ಅಂದದ, ಬೇಲಿಯ ಲೆಕ್ಕ. ಹಣ್ಣು ತಿನ್ನುವ ಹಕ್ಕಿಗೆ ಅದು ಊಟದ ಲೆಕ್ಕ. ಆ ಊಟ ಅದರ ಗರಿಯಲ್ಲಿ, ಕೊಬ್ಬಿನಲ್ಲಿ, ಒಮ್ಮೊಮ್ಮೆ ಸಾವಿನಲ್ಲೂ ಕಾಣುತ್ತದೆ. ನನಗೆ ಈ ವಿಷಯ ಮುಖ್ಯ ಅನ್ನಿಸುವುದು ಇದಕ್ಕೇ.

ವ್ಯಾಕ್ಸ್‌ವಿಂಗ್‌ಗಳಲ್ಲಿ ಇರುವುದು ಮೂರೇ ಜಾತಿ. ಉತ್ತರ ಅಮೆರಿಕದ ಸೀಡರ್, ಉತ್ತರದ ಕಾಡುಗಳ ಉದ್ದಕ್ಕೂ ಹರಡಿರುವ ಬೊಹೀಮಿಯನ್, ಪೂರ್ವ ಏಷ್ಯಾದ ಜಪಾನಿ. ಸೀಡರ್ ಸುಮಾರು 30 ಗ್ರಾಂ ತೂಗುವ ನುಣುಪು ಮೈಯ ಹಕ್ಕಿ. ತಲೆಯ ಮೇಲೆ ಜುಟ್ಟು, ಕಣ್ಣಿಗೆ ಕಪ್ಪು ಪಟ್ಟಿ. ರೆಕ್ಕೆಯ ಕೆಲವು ಗರಿಗಳ ತುದಿಯಲ್ಲಿ ಅರಗಿನ ಹನಿ ಅಂಟಿಸಿದ ಹಾಗೆ ಕೆಂಪು ಚುಕ್ಕೆಗಳಿರುತ್ತವೆ. ವಯಸ್ಸಾದಂತೆ ಈ ಚುಕ್ಕೆಗಳು ಜಾಸ್ತಿಯಾಗುತ್ತವೆ. ಈ ಕೆಂಪಿನ ಮೂಲವೂ ಆಹಾರದಿಂದ ಬಂದ ಬಣ್ಣವೇ. ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದರೂ ಇದಕ್ಕೆ ಹಾಡು ಅನ್ನುವಂಥದ್ದಿಲ್ಲ, ತೆಳ್ಳಗಿನ ಸಿಳ್ಳೆ ಮಾತ್ರ. ಹಾಡಿ ಕಾಯಬೇಕಾದ ಗಡಿ ಇದಕ್ಕಿಲ್ಲವಲ್ಲ! ಒಂದು ಮರದ ಹಣ್ಣು ಇವತ್ತು ಇದ್ದರೆ ನಾಳೆ ಇರುವುದಿಲ್ಲ. ಅಂಥದ್ದಕ್ಕೆ ಕಾವಲು ಕೂತು ಏನು ಲಾಭ? ಗುಂಪು ಕಟ್ಟಿಕೊಂಡು ಹುಡುಕುವುದೇ ಮೇಲು. ಗುಂಪಿನ ಹಕ್ಕಿಗಳು ಕೊಂಬೆಯ ಮೇಲೆ ಸಾಲಾಗಿ ಕೂತು ಒಂದೇ ಹಣ್ಣನ್ನು ಕೊಕ್ಕಿನಿಂದ ಕೊಕ್ಕಿಗೆ ದಾಟಿಸುವುದೂ ಉಂಟು.

ಸೀಡರ್ ವ್ಯಾಕ್ಸ್‌ವಿಂಗ್‌ನ ವರ್ಷದ ಆಹಾರದಲ್ಲಿ 80 ಶೇಕಡಕ್ಕೂ ಹೆಚ್ಚು ಹಣ್ಣೇ. ಬೇಸಿಗೆಯಲ್ಲಿ ಹಣ್ಣು ಮಾಗುವ ಹೊತ್ತಿಗೆ ಮರಿಗಳಿರಬೇಕು ಅಂತ ತಡವಾಗಿ ಗೂಡು ಕಟ್ಟುತ್ತದೆ. ಮೊದಲ ಕೆಲವು ದಿನ ಮರಿಗಳಿಗೆ ಹುಳ ತಿನ್ನಿಸಿ, ಬೇಗನೆ ಹಣ್ಣಿಗೆ ತರುತ್ತದೆ. ಕೌಬರ್ಡ್ ಎಂಬ ಹಕ್ಕಿ ನಮ್ಮ ಕೋಗಿಲೆಯಂತೆ ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ವ್ಯಾಕ್ಸ್‌ವಿಂಗ್ ಗೂಡಿನಲ್ಲಿ ಹುಟ್ಟಿದ ಕೌಬರ್ಡ್ ಮರಿ ಸಾಮಾನ್ಯವಾಗಿ ಬದುಕುವುದಿಲ್ಲ. ಅಷ್ಟೊಂದು ಹಣ್ಣು ತಿಂದು ಅದು ಬೆಳೆಯಲಾರದು.

ಹಣ್ಣಿನಲ್ಲಿ ನೀರು, ಸಕ್ಕರೆ ಜಾಸ್ತಿ, ಪ್ರೋಟೀನ್ ಕಡಿಮೆ. ಹಾಗಾಗಿ ಸಿಕ್ಕಾಪಟ್ಟೆ ತಿನ್ನಬೇಕು, ಬೇಗ ಬೇಗ ಹೊರಹಾಕಬೇಕು. ಬೊಹೀಮಿಯನ್ ವ್ಯಾಕ್ಸ್‌ವಿಂಗ್ ದಿನವೊಂದಕ್ಕೆ ನೂರಾರು ಹಣ್ಣು ನುಂಗುತ್ತದೆ. ಕೆಲವೊಮ್ಮೆ ಅದರ ತೂಕ ಹಕ್ಕಿಯ ಮೈತೂಕವನ್ನೇ ಮೀರುತ್ತದೆ. ಬೀಜ ಕೆಲವೇ ನಿಮಿಷಗಳಲ್ಲಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಅಮೆರಿಕದ ಹಳೆಯ ಹೊಲಗಳಲ್ಲಿ ಬೇಲಿಯುದ್ದಕ್ಕೂ ಜುನಿಪರ್ ಮರಗಳು ಸಾಲಾಗಿ ನಿಂತಿರುವುದು ಹೀಗೇ. ಬಹಳ ಕಡೆ ಅವನ್ನು ಯಾರೂ ನೆಟ್ಟಿದ್ದಲ್ಲ. ತಂತಿಯ ಮೇಲೆ ಕೂತ ಹಕ್ಕಿಗಳು ಬಿತ್ತಿದ್ದು.

ಎಲ್ಲ ಹಣ್ಣೂ ಒಂದೇ ಅಲ್ಲ ಎಂಬುದು ವಲಸೆಯ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಯೂರೋಪಿನ ಗಾರ್ಡನ್ ವಾರ್ಬ್ಲರ್ ಬೇಸಿಗೆಯಲ್ಲಿ ಹುಳ ತಿನ್ನುವ ಪುಟ್ಟ ಹಕ್ಕಿ. ಬೇಸಿಗೆ ಮುಗಿಯುತ್ತಿದ್ದಂತೆ ಹಣ್ಣಿಗೆ ತಿರುಗುತ್ತದೆ. ಸಹಾರಾ ದಾಟುವ ಮುಂಚೆ ಅದರ ತೂಕ ಹೆಚ್ಚುಕಡಿಮೆ ಎರಡರಷ್ಟಾಗಬಹುದು. ಸೇರುವುದೆಲ್ಲ ಬಹುಪಾಲು ಕೊಬ್ಬು. ಒಂದು ಗ್ರಾಂ ಕೊಬ್ಬಿನಲ್ಲಿ ಒಂದು ಗ್ರಾಂ ಸಕ್ಕರೆಯ ಎರಡು ಪಟ್ಟಿಗೂ ಹೆಚ್ಚು ಶಕ್ತಿಯಿದೆ. ಅದಕ್ಕೇ ದೂರ ಹೊರಟ ಹಕ್ಕಿಗೆ ಕೊಬ್ಬಿರುವ ಹಣ್ಣು ಸಿಕ್ಕರೆ ದೊಡ್ಡ ಅನುಕೂಲ. ಅಮೆರಿಕದ ಡಾಗ್‌ವುಡ್, ಸ್ಪೈಸ್‌ಬುಷ್, ಆರೋವುಡ್ ಗಿಡಗಳು ಅಂಥ ಹಣ್ಣನ್ನು ಸರಿಯಾಗಿ ವಲಸೆಯ ಕಾಲಕ್ಕೇ ಕೊಡುತ್ತವೆ. ಹೊರಗಿನಿಂದ ಬಂದ ಹನಿಸಕಲ್‌ನ ಹಣ್ಣಿನಲ್ಲಿ ಕೊಬ್ಬು ತೀರಾ ಕಡಿಮೆ. ಹೊಟ್ಟೆ ತುಂಬುತ್ತದೆ, ಪ್ರಯಾಣಕ್ಕೆ ಬೇಕಾದ್ದು ಸಿಗುವುದಿಲ್ಲ.

ಉತ್ತರ ಅಮೆರಿಕದ ಯೆಲ್ಲೋ-ರಂಪ್ಡ್ ವಾರ್ಬ್ಲರ್‌ನದು ಇನ್ನೂ ಬೆರಗಿನ ವಿಷಯ. ಬೇಬೆರಿ ಗಿಡದ ಹಣ್ಣಿನ ಮೇಲೆ ಮೇಣದ ಪದರವಿರುತ್ತದೆ. ಹೆಚ್ಚಿನ ಪ್ರಾಣಿಗಳಿಗೆ ಮೇಣ ಅರಗುವುದಿಲ್ಲ. ಆದರೆ ಈ ಹಕ್ಕಿ ಅದರ ಬಹುಪಾಲನ್ನು ಅರಗಿಸಿಕೊಳ್ಳುತ್ತದೆ. ಹಾಗಾಗಿ ಬೇರೆ ವಾರ್ಬ್ಲರ್‌ಗಳು ದಕ್ಷಿಣಕ್ಕೆ ಹೋದ ಮೇಲೂ ಇದು ಚಳಿಯ ಕರಾವಳಿಯಲ್ಲಿ ಉಳಿದು ಚಳಿಗಾಲ ಕಳೆಯಬಲ್ಲದು.

ಇನ್ನು ರೈತರ ಕಷ್ಟ. ಚೆರ್ರಿ, ಬ್ಲೂಬೆರಿ ಬೆಳೆಯುವವರಿಗೆ ಇವೇ ಹಕ್ಕಿಗಳು ನಿಜವಾದ ನಷ್ಟ ಮಾಡುತ್ತವೆ. ಅದನ್ನು ಸುಮ್ನೆ ತಳ್ಳಿಹಾಕುವುದು ನ್ಯಾಯವಲ್ಲ. ಒಂದು ದೊಡ್ಡ ಗುಂಪು ಬಂದಿಳಿದರೆ ತೋಟದ ಅಂಚಿನ ಸಾಲುಗಳು ಬೇಗ ಬರಿದಾಗುತ್ತವೆ. ಬಲೆ ಹೊದಿಸುವುದು ಈಗಲೂ ಚೆನ್ನಾಗಿ ಕೆಲಸ ಮಾಡುವ ದಾರಿ, ಆದರೆ ಖರ್ಚಿನದು. ಇಲ್ಲೂ ಹಕ್ಕಿಯ ಕರುಳಿನಿಂದ ಒಂದು ಸುಳಿವು ಸಿಕ್ಕಿದೆ. ಸ್ಟಾರ್ಲಿಂಗ್‌ಗಳಿಗೂ ಅಮೆರಿಕದ ರಾಬಿನ್‌ನಂಥ ಥ್ರಷ್‌ಗಳಿಗೂ ಸುಕ್ರೋಸ್ ಒಡೆಯುವ ಕಿಣ್ವವಿಲ್ಲ. ಸುಕ್ರೋಸ್ ಅಂದರೆ ನಾವು ದಿನವೂ ಬಳಸುವ ಸಕ್ಕರೆಯೇ. ಅದು ಜಾಸ್ತಿಯಾದರೆ ಅವಕ್ಕೆ ಭೇದಿಯಾಗುತ್ತದೆ, ಆಮೇಲೆ ಆ ಹಣ್ಣಿನಿಂದ ದೂರ ಇರಲು ಕಲಿಯುತ್ತವೆ. ಚೆರ್ರಿ, ಬ್ಲೂಬೆರಿಗಳಲ್ಲಿ ಇರುವುದು ಹೆಚ್ಚಾಗಿ ಗ್ಲುಕೋಸ್, ಫ್ರಕ್ಟೋಸ್. ಹಾಗಾದರೆ ಸುಕ್ರೋಸ್ ಹೆಚ್ಚಿರುವ ತಳಿ ಬೆಳೆಸಬಹುದಲ್ವಾ ಎಂದು 1990ರ ದಶಕದಲ್ಲೇ ವಿಜ್ಞಾನಿಗಳು ಯೋಚಿಸಿದ್ದರು. ನಮ್ಮ ನಾಲಿಗೆಗೆ ಸಿಹಿ, ಸ್ಟಾರ್ಲಿಂಗ್‌ಗೆ ಬೇಡ. ಒಂದೇ ತೊಡಕು, ವ್ಯಾಕ್ಸ್‌ವಿಂಗ್‌ಗೆ ಆ ಕಿಣ್ವ ಇದೆ!

ಎಷ್ಟು ಸಿಕ್ಕರೂ ನುಂಗುವ ಈ ಗುಣವೇ ಅದಕ್ಕೆ ಮುಳುವಾಗುವುದೂ ಇದೆ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಥಾಮಸ್ ಕೌಂಟಿಯಲ್ಲಿ ಹತ್ತಾರು ಸೀಡರ್ ವ್ಯಾಕ್ಸ್‌ವಿಂಗ್‌ಗಳು ಸತ್ತು ಬಿದ್ದಿದ್ದವು. ಪರೀಕ್ಷೆ ಮಾಡಿದ ಹಕ್ಕಿಗಳ ಹೊಟ್ಟೆಯಲ್ಲಿ ನಂದಿನಾ ಹಣ್ಣು ತುಂಬಿತ್ತು. ನಂದಿನಾ ಪೂರ್ವ ಏಷ್ಯಾದ ಅಲಂಕಾರದ ಗಿಡ. ಅದರ ಹಣ್ಣಿನಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಒಂದೆರಡು ತಿಂದು ಹಾರಿಹೋಗುವ ಹಕ್ಕಿ ಬದುಕಿಕೊಳ್ಳುತ್ತದೆ, ಹೊಟ್ಟೆ ತುಂಬ ತಿನ್ನುವ ವ್ಯಾಕ್ಸ್‌ವಿಂಗ್ ಬದುಕುವುದಿಲ್ಲ. ಚಳಿಗಾಲದ ಕೊನೆಗೆ ಉಳಿದ ಹಣ್ಣೆಲ್ಲ ಖಾಲಿಯಾಗಿ, ಕೆಂಪಗೆ ಕಾಣುವುದು ಇದೊಂದೇ ಆದಾಗ ಅಪಾಯ ಹೆಚ್ಚು. ಗಿಡ ಕೀಳಲು ಮನಸ್ಸು ಬಾರದವರು ಹಣ್ಣಿನ ಗೊಂಚಲನ್ನು ಮಾಗುವ ಮುಂಚೆ ಕತ್ತರಿಸಿದರೂ ಸಾಕು. ದಯವಿಟ್ಟು ಅಷ್ಟಾದರೂ ಮಾಡಬೇಕು.

ಒಳ್ಳೆಯ ಗಿಡವಿದ್ದರೂ ಕತ್ತರಿಯಿಂದ ಹಣ್ಣು ಕಳೆದುಕೊಳ್ಳುವುದುಂಟು. ಬ್ರಿಟನ್ನಿನ ಹೊಲಗಳಿಗೆ ಬೇಲಿಯಾಗಿರುವುದು ಹೆಚ್ಚಾಗಿ ಹಾಥಾರ್ನ್ ಗಿಡ. ಅಕ್ಟೋಬರ್ ಸುಮಾರಿಗೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬರುವ ರೆಡ್‌ವಿಂಗ್, ಫೀಲ್ಡ್‌ಫೇರ್ ಹಕ್ಕಿಗಳಿಗೆ ಅದರ ಕೆಂಪು ಕಾಯಿಗಳೇ ಮುಖ್ಯ ಆಹಾರ. ಅವು ಮುಗಿದರೆ ತೋಟದಲ್ಲಿ ಉದುರಿಬಿದ್ದ ಸೇಬು. ಹಾಥಾರ್ನ್ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಪ್ರತಿ ವರ್ಷ ಬೇಲಿಯನ್ನು ನುಣ್ಣಗೆ ಕತ್ತರಿಸಿದರೆ ಹೂ ಬಿಡಬೇಕಾದ ಕಡ್ಡಿಯೇ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸರದಿಯಂತೆ ಕತ್ತರಿಸಿದರೆ ಹಣ್ಣು ಎಷ್ಟೋ ಪಟ್ಟು ಹೆಚ್ಚುತ್ತದೆ. ಕತ್ತರಿಸುವ ಕೆಲಸವನ್ನು ಚಳಿಗಾಲದ ಕೊನೆಗೆ ಇಟ್ಟುಕೊಂಡರೆ ಬಿಟ್ಟ ಹಣ್ಣೂ ಹಕ್ಕಿಗೇ ಸೇರುತ್ತದೆ. ರೈತನಿಗೂ ಒಂದೆರಡು ವರ್ಷದ ಕತ್ತರಿ ಕೂಲಿ ಉಳಿಯುತ್ತದೆ.