ಫೋನಿನೊಳಗೊಂದು ಕಾಗುಣಿತ: ಜಪಾನಿ ಕಲಿಯುವವರಿಗೆ ಟಿಪ್ಪಣಿ

ಜಪಾನಿ ಕಲಿಯೋಕೆ ಹೊರಟವರು ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಜಪಾನಿ ಕೀಬೋರ್ಡ್ ಸೇರಿಸಿಕೊಳ್ಳಿ. ಇಂಗ್ಲಿಷ್ ಅಕ್ಷರ ಒತ್ತಿ ಜಪಾನಿ ಬರಿಸುವ ಕೀಬೋರ್ಡೂ ಅಲ್ಲಿರುತ್ತದೆ. ಅದರ ಆಸೆಗೆ ಬೀಳಬೇಡಿ. ಹನ್ನೆರಡು ಗುಂಡಿಗಳ, ಒತ್ತಿ ಬೆರಳು ಸರಿಸುವ ಫ್ಲಿಕ್ ಕೀಬೋರ್ಡನ್ನೇ ಆರಿಸಿ.

ಅದರ ಗುಂಡಿಗಳನ್ನು ಸಾಲಾಗಿ ಓದಿ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯೇ! ಸಂಸ್ಕೃತಕ್ಕಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಈ ಕ್ರಮ ಜಪಾನಿಗೆ ಬಂತು. ‘ಕ’ ಒತ್ತಿದರೆ ಕ, ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಅ-ಇ-ಉ-ಎ-ಒ ಬಾಯಿಗೆ ಬರುವವರ ಹೆಬ್ಬೆರಳು ಒಂದು ವಾರದಲ್ಲಿ ಪಳಗುತ್ತದೆ.

ಚ ಇರಬೇಕಾದ ಕಡೆ ಸ, ಪ ಇರಬೇಕಾದ ಕಡೆ ಹ ಇದೆಯಲ್ಲ ಅನ್ನಿಸಬಹುದು. ‘ಕ’ಗೆ ಎರಡು ಚುಕ್ಕಿ ಹಾಕಿದರೆ ಗ, ‘ತ’ಗೆ ಹಾಕಿದರೆ ದ, ಆದರೆ ‘ಹ’ಗೆ ಹಾಕಿದರೆ ಬ! ಕ್ಲಾಸಿನಲ್ಲಿ ಇದನ್ನು ಸುಮ್ಮನೆ ಬಾಯಿಪಾಠ ಮಾಡಿಸುತ್ತಾರೆ. ಹಳಗನ್ನಡದ ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಗೊತ್ತಿರುವ ನಮಗೆ ಅದು ಬೇಕಿಲ್ಲ. ಜಪಾನಿಯ ಹ ಕೂಡ ಒಂದು ಕಾಲದಲ್ಲಿ ಪ ಆಗಿತ್ತು. ಈಗಲೂ ಅದೇ ‘ಹ’ಗೆ ಸಣ್ಣ ಸೊನ್ನೆ ಸೇರಿಸಿದರೆ ಪ.

ಫ್ಲಿಕ್‌ನ ದೊಡ್ಡ ಲಾಭ ಹ್ರಸ್ವ ದೀರ್ಘದಲ್ಲಿ. ಒ-ಬ-ಸ-ನ್ ಒತ್ತಿದರೆ ಅತ್ತೆ ಅಥವಾ ಚಿಕ್ಕಮ್ಮ, ನಡುವೆ ಒಂದು ಅ ಸೇರಿ ಒ-ಬ-ಅ-ಸ-ನ್ ಆದರೆ ಅಜ್ಜಿ. ಕನ್ನಡದ ಕಿವಿಗೆ ಇದು ಕಷ್ಟವಲ್ಲ. ಕಷ್ಟ ಇರುವುದು ‘ಓ’ದಲ್ಲಿ: ಓಸಾಕಾ ಬರೆಯಲು ಒ-ಒ-ಸ-ಕ, ಟೋಕಿಯೋಗೆ ತೊ-ಉ-ಕಿ-ಸಣ್ಣ ಯೊ-ಉ. ಕಿವಿಗೆ ಎರಡೂ ಓ, ಬರವಣಿಗೆಯಲ್ಲಿ ಬೇರೆ ಬೇರೆ. ಇಂತಹ ಪದಗಳನ್ನು ಬೆರಳಿನಿಂದಲೇ ಕಲಿಯಬೇಕು.

ನಿಘಂಟು ಒಂದೇ ಸಾಕು, ನೆಟ್ ಇಲ್ಲದೆಯೂ ತೆರೆಯುವಂಥದ್ದು. ಉಚಿತ ನಿಘಂಟುಗಳಲ್ಲಿ ಬಹಳಷ್ಟರ ಒಳಗಿರುವುದು ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಶುರುಮಾಡಿದ ಪದಕೋಶವೇ. ನಾಲ್ಕು ಆ್ಯಪ್ ಹಾಕಿಕೊಂಡರೂ ಅರ್ಥ ಅದೇ. ಬೆರಳಿನಿಂದ ಬರೆದು ಹುಡುಕುವ ಸೌಲಭ್ಯ ಇದೆಯೇ ನೋಡಿ. ಗೊತ್ತಿಲ್ಲದ ಕಾಂಜಿಯನ್ನು (ಚೀನಾದಿಂದ ಬಂದ ಅಕ್ಷರವನ್ನು) ಕಾಗದದ ನಿಘಂಟಿನಲ್ಲಿ ಹುಡುಕಲು, ಕಾಂಜಿಗಳನ್ನು ವಿಂಗಡಿಸುವ 214 ಮೂಲಾಂಗಗಳಲ್ಲಿ ಅದು ಯಾವುದರದ್ದು ಎಂದು ಪತ್ತೆಹಚ್ಚಿ, ಗೆರೆ ಎಣಿಸಬೇಕಿತ್ತು. ನಿತ್ಯಬಳಕೆಯ ಪಟ್ಟಿಯಲ್ಲೇ 2136 ಕಾಂಜಿಗಳಿವೆ ಅನ್ನುವುದು ನೆನಪಿರಲಿ.

ಒಂದು ತೊಂದರೆಯೂ ಇದೆ. ಕಾನಾ, ಅಂದರೆ ಮೇಲೆ ಕಂಡ ಅ-ಕ-ಸದಂಥ ಉಚ್ಚಾರದ ಅಕ್ಷರ, ಒತ್ತಿದರೆ ಕಾಂಜಿಯನ್ನು ಫೋನೇ ತೋರಿಸುವುದರಿಂದ ಗುರುತು ಹಿಡಿಯಲು ಬರುತ್ತದೆ, ಕೈಯಲ್ಲಿ ಬರೆಯಲು ಬರುವುದಿಲ್ಲ. ವರ್ಡ್ ಪ್ರೊಸೆಸರ್ ಕಾಲದಲ್ಲೇ ಜಪಾನಿಗರು ಇಂಥವರಿಗೆ ‘ವಾಪುರೊ ಬಾಕಾ’ ಎಂದು ಹೆಸರಿಟ್ಟರು. ಬಾಕಾ ಅಂದರೆ ಪೆದ್ದ. ಜಪಾನಿ ಭಾಷಾ ಸಾಮರ್ಥ್ಯದ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎಲ್ಲವೂ ಉತ್ತರ ಆರಿಸುವ ಪ್ರಶ್ನೆಗಳೇ ಆದ್ದರಿಂದ ಈ ಪೆದ್ದತನ ಅಲ್ಲಿ ಬಯಲಾಗುವುದಿಲ್ಲ. ಆದರೂ ಜೇಬಿನಲ್ಲೊಂದು ಚೌಕುಳಿ ಪುಸ್ತಕ ಇರಲಿ.

ಮರೆವಿಗೆ ಮದ್ದು ಆಂಕಿ, ಪದಗಳ ಕಾರ್ಡ್‌ಗಳನ್ನು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಕೇಳುವ ಆ್ಯಪ್. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ಕಾಸು ಕೊಡಬೇಕು. ನಾನು ಹುಮ್ಮಸ್ಸಿನಲ್ಲಿ ದಿನಕ್ಕೆ 30 ಹೊಸ ಕಾರ್ಡ್ ಇಟ್ಟುಕೊಂಡಿದ್ದೆ. ಒಂದು ಮದುವೆಗೆಂದು ವಾರ ಊರಿಗೆ ಹೋಗಿ ಬಂದಾಗ ಬಾಕಿ ಬಿದ್ದ ಕಾರ್ಡ್‌ಗಳನ್ನು ನೋಡಿಯೇ ಆ್ಯಪ್ ಮುಚ್ಚಿಟ್ಟೆ. ಈಗ ದಿನಕ್ಕೆ ಎಂಟು. ಕಾರ್ಡ್ ಮಾಡುವಾಗ ಉತ್ತರವನ್ನು ಟೈಪ್ ಮಾಡಬೇಕಾದ ಮಾದರಿ ಆರಿಸಿ, ಫ್ಲಿಕ್‌ನಲ್ಲೇ ಉತ್ತರಿಸಿ. ಟೋಕಿಯೋದ ಕೊನೆಯ ‘ಉ’ ಬಿಟ್ಟರೂ ಅದು ತಪ್ಪೆಂದು ತೋರಿಸುತ್ತದೆ.